ಎಳೆ ಪಾಕ

ಗಾಣ ಮಾರಿ ಆರು ವರ್ಷವಾದ ಆಲೆಮನೆ,
ಕೆರಗೋಡು ದಾರಿಯಲ್ಲಿ, ತಿಂಗಳಿಗೆ ಎಂಟುನೂರು ಬಾಡಿಗೆ.
ಕೊಪ್ಪರಿಗೆ ಕೂತಿದ್ದ ಕುಳಿಯ ಮೇಲೆ ಎರಡು ಹಲಗೆ,
ಹಲಗೆಯ ಮೇಲೆ ನನ್ನ ಕಾರು:
ಚೌಕ ಪೈಪಿನ ಎಲುಬು, ಫೈಬರ್ ಚರ್ಮ,
ಯಾರದೋ ಹಳೇ ಮಾರುತಿಯ ಗುಂಡಿಗೆ.
ಆರ್‌ಟಿಓ ಇನ್ನೂ ಒಪ್ಪದ, ಊರು ‘ತೊಟ್ಟಿಲು’ ಎನ್ನುವ
ಎರಡೇ ಸೀಟಿನ ಗಾಡಿ.
ಹಗಲೆಲ್ಲ ಪಂಪ್‌ಸೆಟ್ ಮೋಟಾರಿಗೆ ತಾಮ್ರ ಸುತ್ತುತ್ತೇನೆ,
ಸಂಜೆ ಇದರ ಸೇವೆ.

ಡ್ರಮ್ ಬಿಚ್ಚಿ ಡಿಸ್ಕ್ ಹಾಕಿದ್ದೇ ಎಡವಟ್ಟು.
ಮೈಸೂರಿನ ಗುಜರಿಯಲ್ಲಿ ಚೌಕಾಸಿ ಮಾಡಿ ತಂದ
ಅಂಗೈಯಗಲದ ಕ್ಯಾಲಿಪರ್ ಜೋಡಿ,
ಕೆಂಪು ಬಳಿದು ಕೂರಿಸಿದೆ.
ಪೆಡಲ್ ಒತ್ತಿದರೆ
ನೆಂಟರ ಮನೆಯ ಹಾಸಿಗೆಯಂತೆ ಕುಸಿದು
ನೆಲ ಮುಟ್ಟಿ ಸುಮ್ಮನಾಗುತ್ತದೆ.
ಎರಡನೇ ಸಲಕ್ಕೆ ಸ್ವಲ್ಪ ನಾಚಿಕೆ,
ಮೂರಕ್ಕೆ ಕೊಂಚ ಬಿಗಿ,
ಉಸಿರು ಬಿಟ್ಟು ಮತ್ತೆ ಒತ್ತಿದರೆ ಅದೇ ಮೆತ್ತಗೆ.

ಮಾಸ್ಟರ್ ಸಿಲಿಂಡರ್ ಬದಲಿಸಿದೆ. ಹೋಸ್ ಬದಲಿಸಿದೆ.
ಮೂರು ಬಾಟಲಿ ಎಣ್ಣೆ ಕುಡಿಸಿದೆ.
ಗಾಳಿ ತೆಗೆಯಲು ಎರಡು ಜೀವ ಬೇಕು,
ಮೇಲೆ ತುಳಿಯಲೊಂದು, ಕೆಳಗೆ ತಿರುಪು ಬಿಚ್ಚಲೊಂದು.
ತುಳಿಯುತ್ತಿದ್ದ ಮಂಟೇಲಿಂಗ
ಮೂರನೇ ಸಂಜೆ ಕಾಲುನೋವೆಂದು ಹೇಳಿ
ಕಬಡ್ಡಿಗೆ ಹೋದ.

ಆಗ ಸಿಕ್ಕಿದ್ದು ಚಿಕ್ಕತಾಯಮ್ಮ,
ಇದೇ ಒಲೆಗೆ ಇಪ್ಪತ್ತು ವರ್ಷ ರಚ್ಚು ತಳ್ಳಿದವಳು,
ಪಕ್ಕದ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದವಳು.
ಕುಡುಗೋಲನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟಳು.
ಚಪ್ಪಲಿ ಹೊರಗೆ ಬಿಟ್ಟು ಹತ್ತಿದಳು,
ಯಾರದೋ ನಡುಮನೆಗೆ ಕಾಲಿಟ್ಟ ಹಾಗೆ.

ಕುಳಿಯೊಳಗಿಂದ ನಾನು: ಒತ್ತಮ್ಮ.
‘ಒತ್ತಿವ್ನಿ.’
ಹಿಡಿದುಕೋ.
‘ಹಿಡ್ದಿವ್ನಿ.’
ತಿರುಪು ಸಡಿಲಿಸಿದೆ. ಎಣ್ಣೆ ಬಂತು, ಗುಳ್ಳೆ ಒಂದೂ ಇಲ್ಲ,
ಸುಳ್ಳು ಹೇಳುವವರ ಮುಖದಷ್ಟು ತಿಳಿಯಾಗಿ.
ಬಿಗಿದೆ. ಬಿಡು.
‘ಬುಟ್ಟೆ.’

ಹತ್ತು ಸಲವಾದ ಮೇಲೆ ಮೇಲಿನಿಂದ ದನಿ:
‘ಇದು ಎಳೆ ಪಾಕ ಕಣಪ್ಪ.
ಅಚ್ಚಿಗೆ ಉಯ್ದ್ರೆ ನಿಲ್ಲಕಿಲ್ಲ.
ಒಳಗೆ ಇನ್ನೂ ನೊರೆ ಅದೆ.’

ನೊರೆ ಎಲ್ಲಿ ತಾಯಿ, ಗುಳ್ಳೆಯೇ ಬರುತ್ತಿಲ್ಲ ಎಂದೆ.
ಇಳಿದಳು. ಮಂಡಿಯೂರಿ ಚಕ್ರದ ಸಂದಿಗೆ ಇಣುಕಿ
ಕೆಂಪು ಕಬ್ಬಿಣದ ಬುಡದಲ್ಲಿದ್ದ ತಿರುಪನ್ನು ನೋಡಿ ಕೇಳಿದಳು:
‘ನೊರೆ ತೆಗಿಯೋನು ಕೊಪ್ಪರಿಗೆ ತಳಕ್ಕೆ
ಜಾಲರಿ ಹಾಕ್ತಾನಾ?’

ಟಾರ್ಚು ಕೈಯಲ್ಲೇ ಉಳಿಯಿತು.
ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿದ್ದೆ.
ತಿರುಪಿನ ಬಾಯಿ ನೆಲ ನೋಡುತ್ತಿತ್ತು,
ಗಾಳಿ ಮೇಲಿನ ಮೂಲೆಯಲ್ಲಿ, ಬಾಡಿಗೆ ಕೊಡದೆ,
ನಾಲ್ಕು ವಾರದಿಂದ ಕೂತಿತ್ತು.

ಹೋಸ್ ಬಿಚ್ಚಿ, ಜಾಗ ಬದಲಿಸಿ, ಮತ್ತೆ ಬಿಗಿಯುವಷ್ಟರಲ್ಲಿ
ಕೊಕ್ಕರೆಗಳು ಮರ ಸೇರಿದವು.
ಈಗ ಒತ್ತಮ್ಮ.
ಬಂತು! ಮೊದಲೊಂದು ಸೀನು,
ಆಮೇಲೆ ಕಡಲೆಯಷ್ಟು, ಆಮೇಲೆ ಸಾಸಿವೆ,
ಆಮೇಲೆ ಬರೀ ಎಣ್ಣೆ.
ಸೀಟಿನಲ್ಲಿ ಅವಳು ಸ್ವಲ್ಪ ಮೇಲೆದ್ದಳು,
ಕಾಲು ಕೆಳಗೆ ಹೋಗಲಿಲ್ಲ.
‘ಪಾಕ ಬಂತು. ಇಳಿಸು.’

ನಾಲೆ ಏರಿಯ ಇಳಿಜಾರಿನ ಬುಡದಲ್ಲಿ
ತನ್ನ ಒಂದು ಚಪ್ಪಲಿ ಇಟ್ಟು ದೂರ ನಿಂತಳು:
‘ಇಲ್ಲಿಗೆ ನಿಲ್ಸು ನೋಡಮ.’
ಎಡಕ್ಕೆ ನೀರು ನನ್ನ ಜೊತೆಯೇ ಓಡಿತು.
ನಲವತ್ತು. ಒತ್ತಿದೆ.
ಕತ್ತಲಲ್ಲಿ ಯಾರೋ ಎದುರು ಕೂತು
ಅಂಗಾಲಿಗೆ ಅಂಗೈ ಕೊಟ್ಟ ಹಾಗಾಯಿತು.
ಗಾಡಿ ಮೂಗು ತಗ್ಗಿಸಿ ನಿಂತಿತು,
ಧೂಳು ಮಾತ್ರ ಮುಂದೆ ಹೋಯಿತು.

ಇಳಿದು ನೋಡಿದರೆ ಚಪ್ಪಲಿ ಇಲ್ಲ.
ಎಡಚಕ್ರದ ಅಡಿಯಿಂದ ಬಾರೊಂದು ಇಣುಕುತ್ತಿತ್ತು.
‘ಒಂದು ಗೇಣು ಜಾಸ್ತಿ ಆಯ್ತು’ ಅಂದಳು.
‘ನೂರೈವತ್ತು ಕೊಡು, ಸಂತೇಲಿ ತಕ್ಕತ್ತೀನಿ.
ಈಗ ಮನೆ ತಾವ ಬುಡು.’

ಹುಲ್ಲಿನ ಹೊರೆ ತೊಡೆಯ ಮೇಲೇರಿಸಿಕೊಂಡು ಕೂತಳು.
ಪ್ರತಿ ತಿರುವಿಗೂ
ಅವಳ ಬಲಗಾಲು
ಅವಳ ಕಡೆ ಇಲ್ಲದ ಪೆಡಲನ್ನು
ಗಟ್ಟಿಯಾಗಿ ಒತ್ತುತ್ತಲೇ ಇತ್ತು.